ರಿಯಾಕ್ಟ್ ಡೆವಲಪರ್ ಟೂಲ್ಸ್: ಪುಟದ ಒಳಗೆ ನಿಂತು ಕೆಲಸ ಮಾಡುವ ಎಕ್ಸ್‌ಟೆನ್ಶನ್

ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ಎಲಿಮೆಂಟ್ಸ್ ಟ್ಯಾಬ್ ತೆರೆದು ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಕಟ್ಟಿದ ದೊಡ್ಡ ಜಾಲತಾಣವೊಂದನ್ನು ನೋಡಿದರೆ ಕಾಣುವುದು ಒಂದರೊಳಗೊಂದು ಸೇರಿಕೊಂಡ ಡಿವ್‌ಗಳು (ಪುಟದ ಭಾಗಗಳನ್ನು ಹಿಡಿದಿಡುವ ಟ್ಯಾಗ್‌ಗಳು) ಮಾತ್ರ. ಆ ಪುಟವನ್ನು ಬರೆದವರ ತಲೆಯಲ್ಲಿದ್ದ ಕಾಂಪೊನೆಂಟ್‌ಗಳಾಗಲಿ (ಪುಟವನ್ನು ಕಟ್ಟುವ ಬಿಡಿ ತುಣುಕುಗಳು), ಅವುಗಳಿಗೆ ಹೊರಗಿನಿಂದ ಬರುವ ಪ್ರಾಪ್ಸ್ ಮತ್ತು ಅವು ತಮ್ಮೊಳಗೆ ಇಟ್ಟುಕೊಳ್ಳುವ ಸ್ಟೇಟ್ ಆಗಲಿ ಅಲ್ಲಿ ಸಿಗುವುದಿಲ್ಲ. ಆ ಕೊರತೆಯನ್ನು ತುಂಬುವ ರಿಯಾಕ್ಟ್ ಡೆವಲಪರ್ ಟೂಲ್ಸ್ ಎಂಬ ಉಚಿತ ಎಕ್ಸ್‌ಟೆನ್ಶನ್ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೂರಕ್ಕೂ ದೊರೆಯುತ್ತದೆ. ಕಾಂಪೊನೆಂಟ್ಸ್ ಮತ್ತು (ಕಾಂಪೊನೆಂಟ್‌ಗಳು ತೆಗೆದುಕೊಳ್ಳುವ ಸಮಯ ಅಳೆಯುವ) ಪ್ರೊಫೈಲರ್ ಎಂಬ ಎರಡು ಟ್ಯಾಬ್‌ಗಳನ್ನು ಅದು ಸೇರಿಸುತ್ತದೆ. ಅದರ ಗುಣ ಮತ್ತು ಮಿತಿ ಎರಡೂ ಅರ್ಥವಾಗಬೇಕಾದರೆ, ಅದು ಪರಿಶೀಲಿಸುವ ಪುಟದೊಡನೆ ಹೇಗೆ ಸಂಪರ್ಕ ಸಾಧಿಸುತ್ತದೆ ಎಂಬುದನ್ನು ಮೊದಲು ನೋಡಬೇಕು.

ಈ ಬಗೆಯ ಎಕ್ಸ್‌ಟೆನ್ಶನ್‌ಗಳ ಪ್ಯಾನೆಲ್ ತನ್ನದೇ ಆದ ಪ್ರತ್ಯೇಕ ಪುಟದಲ್ಲಿ ನಡೆಯುತ್ತದೆ. ಪರಿಶೀಲಿಸುವ ಪುಟದ ಡಾಮ್ (ಬ್ರೌಸರ್ ಇಟ್ಟುಕೊಳ್ಳುವ ಪುಟದ ರಚನೆ) ಅದರ ಕೈಗೆ ನೇರವಾಗಿ ಸಿಗುವುದಿಲ್ಲ. ಎಕ್ಸ್‌ಟೆನ್ಶನ್ ಪುಟದೊಳಗೆ ಸೇರಿಸುವ ಕಂಟೆಂಟ್ ಸ್ಕ್ರಿಪ್ಟ್‌ಗೆ ಡಾಮ್ ಸಿಗುತ್ತದೆಯಾದರೂ ಅದು ಬೇರೆಯೇ ಆವರಣದಲ್ಲಿ ಓಡುವುದರಿಂದ ಪುಟದ ಜಾವಾಸ್ಕ್ರಿಪ್ಟ್ ವೇರಿಯಬಲ್‌ಗಳು ಅದಕ್ಕೆ ಕಾಣುವುದಿಲ್ಲ, ಮತ್ತು ರಿಯಾಕ್ಟ್‌ನ ಕಾಂಪೊನೆಂಟ್‌ಗಳ ಇಡೀ ಮರ ಇರುವುದು ಆ ವೇರಿಯಬಲ್‌ಗಳಲ್ಲಿಯೇ. ಆದ್ದರಿಂದ ಈ ಎಕ್ಸ್‌ಟೆನ್ಶನ್ ಪುಟದ ಸ್ವಂತ ಆವರಣದಲ್ಲಿ, ರಿಯಾಕ್ಟ್ ಲೋಡ್ ಆಗುವುದಕ್ಕೂ ಮೊದಲೇ, ಹುಕ್ ಎಂಬ ಒಂದು ಆಬ್ಜೆಕ್ಟ್ ಅನ್ನು ಇಟ್ಟಿರುತ್ತದೆ. ರಿಯಾಕ್ಟ್ ಶುರುವಾದಾಗ ಆ ಹುಕ್ ಇದೆಯೇ ಎಂದು ನೋಡಿ, ಇದ್ದರೆ ತನ್ನನ್ನು ಅದಕ್ಕೆ ಪರಿಚಯಿಸಿಕೊಳ್ಳುತ್ತದೆ. ಅನಂತರ ಪರದೆಯ ಮೇಲೆ ಬದಲಾವಣೆ ಜಾರಿಯಾದಾಗಲೆಲ್ಲ ಅದಕ್ಕೆ ತಿಳಿಸುತ್ತದೆ. ಆ ಸುದ್ದಿ ಪುಟದಿಂದ ಕಂಟೆಂಟ್ ಸ್ಕ್ರಿಪ್ಟ್‌ಗೆ, ಅಲ್ಲಿಂದ ಎಕ್ಸ್‌ಟೆನ್ಶನ್‌ನ ಹಿನ್ನೆಲೆಯಲ್ಲಿ ಓಡುವ ಸರ್ವೀಸ್ ವರ್ಕರ್ ಎಂಬ ಸ್ಕ್ರಿಪ್ಟ್ ಮೂಲಕ ಪ್ಯಾನೆಲ್‌ಗೆ ತಲುಪುತ್ತದೆ.

ಬಳಸುವವರಿಗೆ ಎದುರಾಗುವ ಹಲವು ಗೊಂದಲಗಳ ಬೇರು ಇಲ್ಲಿಯೇ ಇದೆ. ಎಕ್ಸ್‌ಟೆನ್ಶನ್ ಹಾಕಿಕೊಳ್ಳುವ ಮೊದಲೇ ತೆರೆದಿದ್ದ ಪುಟದಲ್ಲಿ ಟ್ಯಾಬ್‌ಗಳು ಕಾಣದಿದ್ದರೆ ಪುಟವನ್ನು ರೀಲೋಡ್ ಮಾಡಬೇಕು, ಏಕೆಂದರೆ ಹುಕ್ ಬರುವ ವೇಳೆಗೆ ರಿಯಾಕ್ಟ್ ಶುರುವಾಗಿಬಿಟ್ಟಿರುತ್ತದೆ. ಕಂಪ್ಯೂಟರ್‌ನಲ್ಲಿರುವ ಫೈಲ್ ಅನ್ನು ನೇರವಾಗಿ ತೆರೆದಾಗ ಎಕ್ಸ್‌ಟೆನ್ಶನ್‌ನ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಪ್ರತ್ಯೇಕ ಅನುಮತಿ ಕೊಡಬೇಕು.

ನನಗೆ ಬಹಳ ಮೆಚ್ಚುಗೆಯಾಗಿರುವುದು 2019ರಲ್ಲಿ ಬಂದ 4ನೆಯ ಆವೃತ್ತಿಯಿಂದ ಅದು ಪಾಲಿಸುತ್ತಿರುವ ಮಿತವ್ಯಯ. ಮರದ ರಚನೆಯಷ್ಟನ್ನೇ ಅದು ಮೊದಲು ಪ್ಯಾನೆಲ್‌ಗೆ ಕಳುಹಿಸುತ್ತದೆ. ಒಂದು ಕಾಂಪೊನೆಂಟ್ ಅನ್ನು ನಾವು ಆರಿಸಿದ ಮೇಲೆ ಅದರ ವಿವರ ತರಿಸುತ್ತದೆ. ಒಳಗಿನ ಆಬ್ಜೆಕ್ಟ್‌ಗಳನ್ನು ನಾವು ಬಿಡಿಸಿದಂತೆಲ್ಲ ಮುಂದಿನ ಹಂತವನ್ನು ಕೇಳುತ್ತದೆ. ಪುಟಕ್ಕೂ ಪ್ಯಾನೆಲ್‌ಗೂ ನಡುವೆ ಸಾಗಬೇಕಾದ ಪ್ರತಿಯೊಂದು ಮೌಲ್ಯವನ್ನೂ ಸಂದೇಶವಾಗಿ ಕಟ್ಟಿ ಕಳುಹಿಸಬೇಕಾಗಿರುವಾಗ ಇದು ಸಣ್ಣ ಉಳಿತಾಯವಲ್ಲ. ಫಂಕ್ಷನ್‌ನಂಥವು ಹಾಗೆ ಸಾಗಲಾರವು, ಆದ್ದರಿಂದ ಪ್ಯಾನೆಲ್‌ನಲ್ಲಿ ಅವುಗಳ ಗುರುತಷ್ಟೇ ಕಾಣುತ್ತದೆ. ಅಸಲಿ ಮೌಲ್ಯ ಬೇಕೆಂದರೆ, ಆರಿಸಿದ ಕಾಂಪೊನೆಂಟ್ ಕನ್ಸೋಲ್‌ನಲ್ಲಿ ಡಾಲರ್-ಆರ್ ($r) ಎಂಬ ಹೆಸರಿನಲ್ಲಿ ಸಿಗುತ್ತದೆ. ಈ ಸೌಲಭ್ಯವನ್ನು ಬಳಸುವವರು ಕಡಿಮೆ ಎಂಬುದು ನನ್ನ ಅನಿಸಿಕೆ. ಕಷ್ಟದ ದೋಷಗಳನ್ನು ಹುಡುಕುವಾಗ ನಾನು ಮೊದಲು ಹೋಗುವುದು ಅಲ್ಲಿಗೇ. ಎಲಿಮೆಂಟ್ಸ್ ಟ್ಯಾಬ್‌ನಲ್ಲಿ ಒಂದು ನೋಡ್ ಆರಿಸಿ ಕಾಂಪೊನೆಂಟ್ಸ್ ಟ್ಯಾಬ್‌ಗೆ ಬಂದರೆ ಅದಕ್ಕೆ ಸಂಬಂಧಿಸಿದ ಕಾಂಪೊನೆಂಟ್ ಆಗಲೇ ಆಯ್ಕೆಯಾಗಿರುವುದು ಕೂಡ ದಿನನಿತ್ಯದ ಕೆಲಸವನ್ನು ಎಷ್ಟೋ ಹಗುರ ಮಾಡುತ್ತದೆ.

ಬಳಕೆದಾರರಿಗೆ ತಲುಪಿಸಲು ಸಿದ್ಧಪಡಿಸಿದ ಪ್ರೊಡಕ್ಷನ್ ಬಿಲ್ಡ್‌ನಲ್ಲಿ ಇದರ ಉಪಯೋಗ ಕುಗ್ಗುತ್ತದೆ. ಕಾಂಪೊನೆಂಟ್‌ಗಳ ಹೆಸರುಗಳು ಸಾಮಾನ್ಯವಾಗಿ ಒಂದೆರಡು ಅಕ್ಷರಗಳಾಗಿರುತ್ತವೆ, ಪ್ರಾಪ್ಸ್ ತಿದ್ದಿ ನೋಡಲು ಆಗುವುದಿಲ್ಲ, ಪ್ರೊಫೈಲಿಂಗ್‌ಗಾಗಿಯೇ ಸಿದ್ಧಪಡಿಸಿದ ಬಿಲ್ಡ್ ಇಲ್ಲದಿದ್ದರೆ ಪ್ರೊಫೈಲರ್ ಏನನ್ನೂ ದಾಖಲಿಸುವುದಿಲ್ಲ. ಡೆವಲಪ್‌ಮೆಂಟ್ ಬಿಲ್ಡ್‌ನಲ್ಲಿ ಅದು ತೋರಿಸುವ ಮಿಲಿಸೆಕೆಂಡ್‌ಗಳನ್ನು ಬಳಕೆದಾರರ ಅನುಭವವೆಂದು ವರದಿಯಲ್ಲಿ ಬರೆಯುವುದು ಸರಿಯಲ್ಲ. ಯಾವ ಕಾಂಪೊನೆಂಟ್ ಅನಗತ್ಯವಾಗಿ ಮತ್ತೆ ರೆಂಡರ್ ಆಗುತ್ತಿದೆ ಎಂದು ಹೋಲಿಸಿ ನೋಡುವುದಕ್ಕೆ ಮಾತ್ರ ಅವು ಯೋಗ್ಯ.

ನನ್ನ ನಿಜವಾದ ಆಕ್ಷೇಪ ಇರುವುದು ಅನುಮತಿಯ ವಿಚಾರದಲ್ಲಿ. ಎಲ್ಲ ಜಾಲತಾಣಗಳ ದತ್ತಾಂಶವನ್ನು ಓದುವ ಮತ್ತು ಬದಲಿಸುವ ಅಧಿಕಾರವನ್ನು ಇದು ಕೇಳುತ್ತದೆ. ಯಾವ ಪುಟದಲ್ಲಿ ರಿಯಾಕ್ಟ್ ಇದೆ ಎಂಬುದು ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ ಈ ಬೇಡಿಕೆಗೆ ತಾಂತ್ರಿಕ ಕಾರಣವಿದೆ. ಆದರೆ ಹುಕ್ ಪುಟದ ಸ್ವಂತ ಆವರಣದಲ್ಲಿ ಇರುವುದರಿಂದ, ನಿಮ್ಮ ಬಳಿ ಈ ಎಕ್ಸ್‌ಟೆನ್ಶನ್ ಇದೆಯೆಂದು ಆ ಪುಟದ ಯಾವ ಸ್ಕ್ರಿಪ್ಟ್ ಬೇಕಾದರೂ ಪತ್ತೆಹಚ್ಚಬಹುದು. ಬ್ಯಾಂಕಿನ ಪುಟದಲ್ಲಿಯೂ ಆಸ್ಪತ್ರೆಯ ಪುಟದಲ್ಲಿಯೂ ಅದು ಹಾಜರಿರಬೇಕಾದ ಅಗತ್ಯ ಯಾರಿಗೂ ಇಲ್ಲ. ಆದ್ದರಿಂದ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್‌ನ ವಿವರಗಳ ಪುಟಕ್ಕೆ ಹೋಗಿ, ಲೋಕಲ್‌ಹೋಸ್ಟ್ (ನಿಮ್ಮದೇ ಕಂಪ್ಯೂಟರ್) ಮತ್ತು ನಿಮ್ಮ ಪರೀಕ್ಷಾ ಸರ್ವರ್‌ನ ವಿಳಾಸಗಳಿಗೆ ಮಾತ್ರ ಅದರ ಪ್ರವೇಶವನ್ನು ಸೀಮಿತಗೊಳಿಸಿ, ಇಲ್ಲವೇ ಕೆಲಸಕ್ಕಾಗಿ ಬೇರೆಯೇ ಬ್ರೌಸರ್ ಪ್ರೊಫೈಲ್ ಇಟ್ಟುಕೊಳ್ಳಿ. ಈ ಒಂದು ವ್ಯವಸ್ಥೆ ಮಾಡಿಕೊಂಡ ಮೇಲೆ, ರಿಯಾಕ್ಟ್‌ನಲ್ಲಿ ಕೆಲಸ ಮಾಡುವ ಯಾರಿಗೇ ಆದರೂ ಇದನ್ನು ನಾನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ.