ಉಡುಪಿಯ ಕಂಪ್ಯೂಟರ್, ಮಂಗಳೂರಿನ ಪ್ರೆಸ್: ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಬಳಸಿದ ಅನುಭವ

ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಮತ್ತು ಸ್ಮರಣ ಸಂಚಿಕೆಗಳ ಪುಟವಿನ್ಯಾಸ ನನ್ನ ವೃತ್ತಿ. ಅದಕ್ಕೆ ಬೇಕಾದ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ 7, ಕನ್ನಡ ಟೈಪಿಂಗ್‌ಗೆ ನುಡಿ ತಂತ್ರಾಂಶ, ವರ್ಷಗಳಿಂದ ಕೂಡಿಸಿಟ್ಟ ಫಾಂಟುಗಳು, ಹಳೆಯ ಫೈಲುಗಳು ಎಲ್ಲವೂ ಇರುವುದು ಉಡುಪಿಯ ಮನೆಯ ಒಂದೇ ಕಂಪ್ಯೂಟರಿನಲ್ಲಿ. ಮುದ್ರಣ ನಡೆಯುವುದು ಮಂಗಳೂರಿನಲ್ಲಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಆಮೇಲೆ ಹೊಸ ಆವೃತ್ತಿ ಬರಲಿಲ್ಲ. ಆದರೂ ಹಳೆಯ ಬಗೆಯ ಆಸ್ಕಿ ಫಾಂಟಿನಲ್ಲಿ ಕಟ್ಟಿದ ಕನ್ನಡ ಪುಟವನ್ನು ಆ ಫಾಂಟುಗಳಿಲ್ಲದ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು ಬರುತ್ತವೆಯಾದ್ದರಿಂದ ನಮ್ಮಂಥವರು ಪೇಜ್‌ಮೇಕರನ್ನು ಬಿಡುವ ಹಾಗಿಲ್ಲ. ಫೈಲನ್ನು ಗೂಗಲ್ ಡ್ರೈವ್‌ಗೆ ಹಾಕಿ ಎಲ್ಲಿಂದಾದರೂ ತೆರೆಯುವ ಉಪಾಯವೂ ಇದೇ ಕಾರಣಕ್ಕೆ ನನಗೆ ಒದಗಲಿಲ್ಲ. ನನಗೆ ಬೇಕಾಗಿದ್ದುದು ಮನೆಯ ಕಂಪ್ಯೂಟರೇ, ಅದನ್ನು ದೂರದಿಂದ ನಡೆಸುವ ದಾರಿ.

ಮೊದಲು ಪ್ರಯತ್ನಿಸಿದ್ದು ವಿಂಡೋಸ್‌ನಲ್ಲೇ ಇರುವ ರಿಮೋಟ್ ಡೆಸ್ಕ್‌ಟಾಪ್. ವಿಂಡೋಸ್‌ನ ಹೋಮ್ ಆವೃತ್ತಿ ಹೊರಗಿನ ಸಂಪರ್ಕವನ್ನು ಸ್ವೀಕರಿಸುವುದಿಲ್ಲ, ಪ್ರೊ ಆವೃತ್ತಿಯೇ ಆಗಬೇಕು. ಅದನ್ನು ಹಾಕಿಸಿ ರೂಟರಿನಲ್ಲಿ 3389ನೆಯ ಪೋರ್ಟ್ (ಆ ಸೇವೆಗೆ ಹೊರಗಿನಿಂದ ಬರುವ ದಾರಿ) ತೆರೆದರೂ ಸಂಪರ್ಕ ಸಿಗಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿದ ಕಾರಣ ಇಷ್ಟೇ: ನಮ್ಮ ರೂಟರಿಗೆ ಸಿಕ್ಕಿದ್ದ ಐಪಿ ವಿಳಾಸ 100.72 ಎಂದು ಆರಂಭವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸಗಳು ಇಂಟರ್‌ನೆಟ್ ಕಂಪನಿಯ ಒಳಗಿನ ಬಳಕೆಗೆ ಮೀಸಲಾದವು. ಹೊರಜಗತ್ತಿಗೆ ಕಾಣುವ ಒಂದೇ ವಿಳಾಸವನ್ನು ಅನೇಕ ಮನೆಗಳು ಹಂಚಿಕೊಂಡಿರುವುದರಿಂದ ಹೊರಗಿನಿಂದ ಬಂದ ಕರೆ ನಮ್ಮ ಮನೆಯನ್ನು ತಲುಪುವುದೇ ಇಲ್ಲ. ಈಗ ಯೋಚಿಸಿದರೆ ಆದದ್ದು ಒಳ್ಳೆಯದೇ ಆಯಿತು ಅನ್ನಿಸುತ್ತದೆ. 2019ರಲ್ಲಿ ಈ ರಿಮೋಟ್ ಡೆಸ್ಕ್‌ಟಾಪ್ ಸೇವೆಯಲ್ಲಿ ಬ್ಲೂಕೀಪ್ ಎಂಬ ಭದ್ರತಾ ದೋಷ ಕಂಡುಬಂದಾಗ, ಬೆಂಬಲ ನಿಲ್ಲಿಸಿ ವರ್ಷಗಳಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿ ಬಿಡುಗಡೆ ಮಾಡಬೇಕಾಯಿತು. ಅಂಥ ಬಾಗಿಲನ್ನು ತೆರೆದಿಟ್ಟು ಊರಿಗೆ ಹೋಗುವುದು ಸರಿಯಲ್ಲ.

ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಎಂಬ ಗೂಗಲ್‌ನ ಸೇವೆ ಇದನ್ನು ತಿರುಗಿಸಿ ಮಾಡುತ್ತದೆ. ಮನೆಯ ಕಂಪ್ಯೂಟರೇ ಗೂಗಲ್‌ನ ಸರ್ವರನ್ನು ಸಂಪರ್ಕಿಸಿ ಕಾಯುತ್ತಿರುತ್ತದೆ. ನಾವು ಬೇರೆಡೆಯಿಂದ ಅದೇ ಖಾತೆಯಲ್ಲಿ ಕೇಳಿಕೊಂಡಾಗ ಸಾಧ್ಯವಾದರೆ ಎರಡೂ ಯಂತ್ರಗಳ ನಡುವೆ ನೇರವಾಗಿ, ಇಲ್ಲವಾದರೆ ಗೂಗಲ್‌ನ ಸರ್ವರಿನ ಮೂಲಕ ಸಂಪರ್ಕ ಏರ್ಪಡುತ್ತದೆ. ಎರಡರಲ್ಲೂ ಮಾಹಿತಿ ಗೂಢಲಿಪಿಯಲ್ಲೇ ಸಾಗುತ್ತದೆ. ರೂಟರನ್ನು ಮುಟ್ಟಬೇಕಿಲ್ಲ, ಹೋಮ್ ಆವೃತ್ತಿಯಾದರೂ ಸಾಕು, ಹಣ ಕೊಡಬೇಕಿಲ್ಲ. ಕಂಪ್ಯೂಟರಿಗೆ ಒಂದು ಹೆಸರು, ಕನಿಷ್ಠ 6 ಅಂಕಿಗಳ ಪಿನ್ ಕೊಟ್ಟರೆ ಕೆಲಸ ಮುಗಿಯಿತು.

ಕಳೆದ ಏಪ್ರಿಲ್‌ನಲ್ಲಿ ಒಂದು ಆಮಂತ್ರಣ ಪತ್ರಿಕೆಯ ಕೊನೆಯ ಪ್ರೂಫ್ ನೋಡಲು ಪ್ರೆಸ್ಸಿಗೆ ಹೋಗಿದ್ದೆ. ಪ್ಲೇಟ್ ಹಾಕುವ ಮುನ್ನ ಇನ್ನೊಮ್ಮೆ ಓದಿದಾಗ ಒಳಪುಟದಲ್ಲಿ "ಅನ್ನಸಂತರ್ಪಣೆ" ಎಂಬಲ್ಲಿ ಅರ್ಕಾವೊತ್ತು ಬಿದ್ದುಹೋಗಿ "ಅನ್ನಸಂತಪಣೆ" ಎಂದಾಗಿರುವುದು ಕಂಡಿತು. ಹಿಂದಾದರೆ ಮರಳಿ ಬಸ್ಸು ಹತ್ತಿ, ಮೂಲ್ಕಿ, ಪಡುಬಿದ್ರಿ ದಾಟಿ ಉಡುಪಿಗೆ ಹೋಗಿ, ತಿದ್ದಿ ಮರುದಿನ ಬರಬೇಕಿತ್ತು. ಅಂದು ಪ್ರೆಸ್ಸಿನ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದು, ಮನೆಯ ಪೇಜ್‌ಮೇಕರಿನಲ್ಲಿ ಆ ಒಂದು ಅರ್ಕಾವೊತ್ತು ಸೇರಿಸಿ, ಪಿಡಿಎಫ್ ಮಾಡಿ ಇಳಿಸಿಕೊಂಡು ಕೊಟ್ಟೆ. ಕಾಲು ಗಂಟೆಯೂ ಹಿಡಿಯಲಿಲ್ಲ. ಸಾವಿರಾರು ಮನೆಗಳಿಗೆ ತಲುಪುವ, ದೇವರ ಕೋಣೆಯಲ್ಲಿ ಇಟ್ಟುಕೊಳ್ಳುವ ಕಾಗದದಲ್ಲಿ ತಪ್ಪು ಉಳಿಯಲಿಲ್ಲ ಎಂಬ ಸಮಾಧಾನ ನನಗೆ ದೊಡ್ಡದು.

ಕನ್ನಡ ಟೈಪಿಂಗ್ ಬಗ್ಗೆ ಆತಂಕವಿತ್ತು, ಅದು ಸುಳ್ಳಾಯಿತು. ಲ್ಯಾಪ್‌ಟಾಪ್ ಕಳಿಸುವುದು ಒತ್ತಿದ ಕೀಲಿಯನ್ನು ಮಾತ್ರ. ಅದನ್ನು ಅಕ್ಷರವಾಗಿಸುವುದು ಮನೆಯಲ್ಲಿರುವ ನುಡಿ. ಹಾಗಾಗಿ ನಮ್ಮ ಕಿನ್ನಿಕಂಬಳದ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲೇ ಎಂದಿನಂತೆ ಬೆರಳಾಡಿಸಬಹುದು. ಲ್ಯಾಪ್‌ಟಾಪಿನ ಕನ್ನಡ ಕೀಲಿಮಣೆಯನ್ನು ಆಫ್ ಮಾಡಿರಬೇಕು, ಅಷ್ಟೇ. ಮೊಬೈಲಿನಲ್ಲಿ ಪುಟ ನೋಡಬಹುದು, ಫೈಲ್ ಹುಡುಕಬಹುದು. ಕನ್ನಡ ಟೈಪಿಂಗ್ ಮಾತ್ರ ನನಗೆ ಒಗ್ಗಲಿಲ್ಲ. ಬಣ್ಣದ ಚಿತ್ರಗಳ ಛಾಯೆಯನ್ನೂ ದೂರದಿಂದ ನಿರ್ಧರಿಸಬಾರದು, ಏಕೆಂದರೆ ಸಂಪರ್ಕ ನಿಧಾನವಾದಾಗ ಪರದೆಯ ಚಿತ್ರ ಮಸುಕಾಗುತ್ತದೆ.

ನಾವು ಮಾಡುವುದೆಲ್ಲ ಮನೆಯ ಪರದೆಯ ಮೇಲೂ ಕಾಣುತ್ತದೆ ಎಂಬುದು ನೆನಪಿರಲಿ. ಮೊದಲ ದಿನ ಅಮ್ಮ ಗಾಬರಿಯಿಂದ ಫೋನ್ ಮಾಡಿ, "ಕಂಪ್ಯೂಟರ್ ಅದರಷ್ಟಕ್ಕೇ ಓಡ್ತಾ ಉಂಟಲ್ಲ, ನೀನೇ ಮಾಡುವುದಾ?" ಎಂದು ಕೇಳಿದರು. ಕೆಲಸ ಮುಗಿದೊಡನೆ ವಿಂಡೋಸನ್ನು ಲಾಕ್ ಮಾಡಿಯೇ ಹೊರಬರುವುದು, ಗೂಗಲ್ ಖಾತೆಗೆ ಎರಡು ಹಂತದ ದೃಢೀಕರಣ ಇಡುವುದು ಕಡ್ಡಾಯವೆಂದೇ ನಾನು ಹೇಳುತ್ತೇನೆ. ಇದೇ ಸೇವೆಯಲ್ಲಿ ಬೇರೆಯವರಿಗೆ ನಮ್ಮ ಕಂಪ್ಯೂಟರ್ ನಡೆಸಲು ಬಿಟ್ಟು ಸಹಾಯ ಪಡೆಯಲು 12 ಅಂಕಿಗಳ ಒಂದು ಸಂಕೇತವೂ ಇದೆ. ಬ್ಯಾಂಕಿನವರೆಂದು ಹೇಳಿಕೊಂಡು ಯಾರೇ ಅಂಥ ಅಂಕಿಗಳನ್ನು ಕೇಳಿದರೂ ಕೊಡಬಾರದೆಂದು ಅಮ್ಮನಿಗೆ ಬಿಡಿಸಿ ಹೇಳಿದ್ದೇನೆ, ಸೈಬರ್ ವಂಚನೆಯ ದೂರು ಕೊಡುವ 1930 ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.

ಕೊರತೆಯೆಂದರೆ, ಮಲಗಿದ ಅಥವಾ ಆರಿದ ಕಂಪ್ಯೂಟರನ್ನು ಇದು ಎಬ್ಬಿಸಲಾರದು. ಸ್ಲೀಪ್ ಆಗದಂತೆ ಸೆಟ್ಟಿಂಗ್ ಬದಲಿಸಿ, ಕರೆಂಟು ಹೋಗಿ ಬಂದಾಗ ತಾನಾಗಿ ಚಾಲೂ ಆಗುವ ಆಯ್ಕೆಯನ್ನು ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಲ್ಲಿ) ಹಾಕಿದ್ದೇನೆ. ಈ ತಂತ್ರಾಂಶವೂ ವಿಂಡೋಸ್ ಜೊತೆಗೇ ಆರಂಭವಾಗುವುದರಿಂದ ಲಾಗಿನ್ ಪರದೆ ದೂರದಿಂದಲೇ ಸಿಗುತ್ತದೆ. ಸಿಡಿಲಿಗೆ ಮಾತ್ರ ಯಾವ ಸೆಟ್ಟಿಂಗೂ ಇಲ್ಲ. ಬ್ರಹ್ಮಕಲಶದ ಕೆಲಸ ಮುಗಿಬೀಳುವುದೂ ಸಂಜೆಯ ಗುಡುಗು ಶುರುವಾಗುವುದೂ ತುಳುನಾಡಿನ ಉತ್ಸವಗಳು ಮುಗಿಯುವ, ಮೇ ಕೊನೆಯ ಪತ್ತನಾಜೆಗೆ ಮುಂಚಿನ ಅದೇ ವಾರಗಳಲ್ಲಿ. ಹಾಗಾಗಿ ಆ ದಿನಗಳಲ್ಲಿ ನಾಲ್ಕು ಗಂಟೆಯೊಳಗೆ ತಿದ್ದುಪಡಿ ಮುಗಿಸಿ ಪಿಡಿಎಫ್ ಇಳಿಸಿಕೊಳ್ಳುತ್ತೇನೆ. ಮೋಡ ಕಪ್ಪಾದರೆ ಅಮ್ಮ ಕಂಪ್ಯೂಟರಿನ ಪ್ಲಗ್ಗನ್ನೂ ರೂಟರಿನ ವೈರನ್ನೂ ಕಿತ್ತಿಟ್ಟು ನನಗೊಂದು ಫೋನ್ ಮಾಡುತ್ತಾರೆ.