“ಲೋಕಲ್ ಕ್ಯಾಲಿಬ್ರೇಷನ್” ಅಂತ ನೀರಿನ ಪೆಟ್ಟಿಗೆ ಮಾರಲು ಬಂದರೆ ಮೊದಲು ತಾರೀಖು ಕೇಳಿ

ದ್ರಾಕ್ಷಿ ಪಡ (ತೋಟ) ಇರುವವರು ಓದಿ, ಅದರಲ್ಲೂ ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆಯವರು. ಬರೆಯಲು ನಾಚಿಕೆ ಆಗುತ್ತಿದೆ. ಹದಿನೆಂಟು ವರ್ಷದಿಂದ ಪಡ ಮಾಡುವವನು ಮೊಬೈಲ್ ಮಾತು ಕೇಳಿ, ದುಡ್ಡು ಕೊಟ್ಟು ಟ್ಯಾಂಕರ್ ನೀರು ತರಿಸಿ, ತನ್ನ ಗೊನೆ ತಾನೇ ಕಳೆದುಕೊಂಡ ಅಂದರೆ ಯಾರು ನಗಲ್ಲ ಹೇಳಿ. ನಗಿ. ಆದರೆ ನೀವು ಬೀಳಬೇಡಿ.

ಫೆಬ್ರವರಿಯಲ್ಲಿ ಮಣೂಕ (ಒಣದ್ರಾಕ್ಷಿ) ಇನ್ನೂ ಶೆಡ್‌ನಲ್ಲೇ ಇತ್ತು, ಆಗ ಇಬ್ಬರು ಹುಡುಗರು ಬಂದರು. ಬೆಳೆಗೆ ದಿನಾ ಎಷ್ಟು ನೀರು ಬಿಡಬೇಕು ಅಂತ ಹೇಳುವ ಯಂತ್ರ ತಂದಿದ್ದರು: ಒಂದು ಕಂಬ, ಮೇಲೆ ಪೆಟ್ಟಿಗೆ, ಸೋಲಾರ್ ತಟ್ಟೆ, ಗಾಳಿ ಅಳೆಯುವ ಚಕ್ರ. ಎರಡು ವರ್ಷದ ಆ್ಯಪ್ ಸೇರಿ 38,000 ರೂಪಾಯಿ. “ಸರ್, ಇದು ಪುಸ್ತಕದ ಲೆಕ್ಕ ಅಲ್ಲ, ನಿಮ್ಮ ಭಾಗದ ದ್ರಾಕ್ಷಿಗೇ ಕ್ಯಾಲಿಬ್ರೇಟ್ ಮಾಡಿದ ಕೆಸಿ.” ಈ ಮಾತು ಮೂರು ಸಲ ಹೇಳಿದರು. ಪುಸ್ತಕದ ಲೆಕ್ಕ ಅಲ್ಲ. ನೆನಪಿಡಿ, ಮುಂದೆ ಬರುತ್ತದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಪೆಟ್ಟಿಗೆ ಬಿಸಿಲು, ಗಾಳಿ, ಶಾಖ, ತೇವ ಅಳೆದು, ಚೆನ್ನಾಗಿ ಬೆಳೆದ ಹುಲ್ಲು ಇವತ್ತು ಎಷ್ಟು ಮಿಲಿಮೀಟರ್ ನೀರು ಕುಡಿಯುತ್ತಿತ್ತು ಅಂತ ಲೆಕ್ಕ ತೆಗೆಯುತ್ತದೆ. ಅದನ್ನು ಬೆಳೆಯ ಕೆಸಿಯಿಂದ, ಅಂದರೆ ಹುಲ್ಲಿನ ಎಷ್ಟು ಪಟ್ಟು ನೀರು ಆ ಬೆಳೆ ಕುಡಿಯುತ್ತದೆ ಅನ್ನುವ ಅಂಕಿಯಿಂದ, ಗುಣಿಸಿದರೆ ನಿಮ್ಮ ಬೆಳೆಯ ನೀರು. ಆ ಅಂಕಿಯನ್ನು ನಮ್ಮ ಕಡೆಯ ಹೊಲದಲ್ಲೇ ಅಳೆದು ತಿದ್ದುವುದೇ ಲೋಕಲ್ ಕ್ಯಾಲಿಬ್ರೇಷನ್. ಒಂದು ಎಕರೆಗೆ ಒಂದು ಮಿಲಿಮೀಟರ್ ಅಂದರೆ 4,047 ಲೀಟರ್. ಕೆಸಿ ತಪ್ಪಿದರೆ ಪೆಟ್ಟಿಗೆ ಎಷ್ಟು ಚೆನ್ನಾಗಿದ್ದರೂ ದಂಡ.

ಏಪ್ರಿಲ್ 10ಕ್ಕೆ ಚಾಟ್ನಿ ಮಾಡಿದೆ, ಅಂದರೆ ಗಿಡ ಕತ್ತರಿಸಿದೆ. ಏಪ್ರಿಲ್‌ದು ಕಡ್ಡಿ ಬೆಳೆಸಲು, ಅಕ್ಟೋಬರ್‌ದು ಹಣ್ಣಿಗೆ. ಮೇ ಮೂರನೇ ವಾರ ಆ್ಯಪ್ ಹೇಳಿದ್ದು: ಹುಲ್ಲಿನ ಲೆಕ್ಕ 6 ಮಿಲಿಮೀಟರ್, ಕೆಸಿ 0.85, ಎಕರೆಗೆ ದಿನಕ್ಕೆ 20,600 ಲೀಟರ್. ನನ್ನದು ಮೂರು ಎಕರೆ. ಬೋರ್ ಅರ್ಧದಷ್ಟು ಕೊಡುತ್ತಿತ್ತು ಅಷ್ಟೇ. ಮೊಬೈಲಿನಲ್ಲಿ ದಿನಾ ಕೆಂಪು ಗುರುತು, “ನಿಮ್ಮ ಬೆಳೆ ನೀರಿನ ಕೊರತೆಯಲ್ಲಿದೆ”. ಟ್ಯಾಂಕರ್ ತರಿಸಿದೆ. ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಹತ್ತೊಂಬತ್ತು ಟ್ಯಾಂಕರ್. ಹತ್ತೊಂಬತ್ತು!

ಪಕ್ಕದ ಪಡದ ಕಾಕಾ ಬಂದು ನಿಂತು ನೋಡಿದರು. “ಈಗ್ಯಾಕೋ ಇಷ್ಟ್ ನೀರ್ ಬಿಡ್ತಿ ತಮ್ಮಾ? ಕಡ್ಡಿ ನೋಡು, ಸುಮ್ಮನ ಓಡಾಕತ್ತೈತಿ.” ನಾನು ಏನು ಮಾಡಿದೆ ಗೊತ್ತಾ? ಮೊಬೈಲ್ ತೆಗೆದು ಆ ಕೆಂಪು ಗುರುತು ತೋರಿಸಿದೆ. ಕಾಕಾ ಏನೂ ಅನ್ನದೆ ಹೋದರು. ಇದನ್ನು ನೆನೆದರೆ 38,000ಕ್ಕಿಂತ ಜಾಸ್ತಿ ಉರಿಯುತ್ತದೆ.

ಯಾಕೆಂದರೆ ನನಗೂ ಗೊತ್ತಿತ್ತು! ಏಪ್ರಿಲ್ ಚಾಟ್ನಿ ಆಗಿ 40 ದಿನದಿಂದ 60 ದಿನ, ಕಡ್ಡಿಯ ಕಣ್ಣಿನೊಳಗೆ (ಮೊಗ್ಗಿನೊಳಗೆ) ಮುಂದಿನ ಗೊನೆ ಕೂರುವ ಸಮಯ. ಆಗ ನೀರು ಕಡಿಮೆ ಮಾಡುತ್ತೇವೆ, ಎಲ್ಲರೂ ಮಾಡುತ್ತಾರೆ. ನೀರು ಜಾಸ್ತಿಯಾದರೆ ಗಿಡ ಬೆಳೆಯುವುದರಲ್ಲೇ ಮಗ್ನ, ಗೊನೆ ಆಗಬೇಕಾದ್ದು ಎಳೆಬಳ್ಳಿ (ಹಣ್ಣು ಬಿಡದ ಸುರುಳಿ ಬಳ್ಳಿ) ಆಗಿಬಿಡುತ್ತದೆ. ಆದರೂ ಕಂಬದ ಮೇಲಿನ ಪೆಟ್ಟಿಗೆ ನನಗಿಂತ ಶಾಣ್ಯಾ ಅಂದುಕೊಂಡೆ.

ಜೂನ್‌ನಲ್ಲಿ ಅನುಮಾನ ಬಂದು ಫೋನ್ ಮಾಡಿದೆ. “ಸರ್, ಸಿಸ್ಟಮ್ ಕಲಿಯುತ್ತಾ ಹೋಗುತ್ತೆ, ಒಂದು ಸೀಸನ್ ಕೊಡಿ.” ಕೊಟ್ಟೆ.

ಸೆಪ್ಟೆಂಬರ್ 22, ಬೆಳಿಗ್ಗೆ ಮೆಸೇಜ್: “ಅಭಿನಂದನೆಗಳು, ನಿಮ್ಮ ದ್ರಾಕ್ಷಿ ಸೀಸನ್ ಮುಗಿದಿದೆ.” ಮುಗಿದಿದೆಯಾ? ನಾನು ಅಕ್ಟೋಬರ್ ಚಾಟ್ನಿಗೆ ಕತ್ತರಿ ಮಸೆಯುತ್ತಾ ಕೂತಿದ್ದೇನೆ, ಗಿಡದ ಮೇಲೆ ಒಂದು ಕಾಯಿ ಇಲ್ಲ, ಇವರ ಪ್ರಕಾರ ಸೀಸನ್ ಮುಗಿಯಿತು! ಆ ಮೆಸೇಜ್ ಎಷ್ಟು ಸಲ ಓದಿದೆನೋ. ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು.

ಅಕ್ಕನ ಮಗಳು ಬಿಎಸ್ಸಿ ಅಗ್ರಿ ಓದುತ್ತಿದ್ದಾಳೆ. ಆ್ಯಪ್‌ನ ವರದಿ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. “ಮಾಮಾ, ಇದು ಎಫ್‌ಎಒದ, ಅಂದ್ರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ, 56ನೇ ಪುಸ್ತಕದ್ದು, 1998ರದ್ದು. ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ.” ವರದಿಯಲ್ಲಿ ಕೆಸಿ ಸೀಸನ್ ಶುರುವಿನಲ್ಲಿ 0.30, ನಡುವೆ 0.85, ಕೊನೆಗೆ 0.45. ಪುಸ್ತಕದ ಕೋಷ್ಟಕದಲ್ಲಿ ದ್ರಾಕ್ಷಿ ಸಾಲಿನಲ್ಲಿ ಇದೇ ಮೂರು ಅಂಕಿ, ಒಂದು ಚುಕ್ಕೆ ಬದಲಾಗಿಲ್ಲ. ದಿನಗಳ ಲೆಕ್ಕವೂ ಅಲ್ಲಿಯದೇ: ಬೆಳೆಯ ನಾಲ್ಕು ಹಂತಕ್ಕೆ 20, 50, 75, 60, ಒಟ್ಟು 205 ದಿನ, ಮಾರ್ಚ್‌ನಲ್ಲಿ ಶುರು. ಆ ಸಾಲಿನ ಪಕ್ಕದಲ್ಲಿ ಊರೂ ಬರೆದಿದೆ. ಕ್ಯಾಲಿಫೋರ್ನಿಯಾ! ಅಲ್ಲಿ ಚಳಿಗೆ ಗಿಡ ಎಲೆ ಉದುರಿಸಿ ಮಲಗುತ್ತದೆ, ವರ್ಷಕ್ಕೆ ಒಂದೇ ಸಲ ಚಿಗುರುತ್ತದೆ. ನಮ್ಮದು ಮಲಗಲ್ಲ, ವರ್ಷಕ್ಕೆ ಎರಡು ಚಾಟ್ನಿ. ಮಾರ್ಚ್ 1ರಿಂದ 205 ದಿನ ಎಣಿಸಿ, ಸೆಪ್ಟೆಂಬರ್ 21ಕ್ಕೆ ಮುಗಿಯುತ್ತದೆ. ನಾನು ಯಾವ ದಿನ ಚಾಟ್ನಿ ಮಾಡಿದೆ ಅಂತ ಆ್ಯಪ್ ಒಂದು ಸಲವೂ ಕೇಳಿರಲಿಲ್ಲ, ನನಗೂ ಅದು ಹೊಳೆಯಲಿಲ್ಲ ನೋಡಿ.

ಪಾಪ, ಪುಸ್ತಕದ್ದು ತಪ್ಪಿಲ್ಲ. ಈ ಅಂಕಿ ಸೆಕೆಂಡಿಗೆ 2 ಮೀಟರ್ ಗಾಳಿ, ದಿನದ ಕನಿಷ್ಠ ತೇವ ಶೇ. 45 ಇರುವ ಕಡೆಗೆ, ನಿಮ್ಮ ಊರಿಗೆ ತಿದ್ದಿಕೊಳ್ಳಿ ಅಂತ ಅದೇ ಹೇಳುತ್ತದೆ. ತಿದ್ದುತ್ತೇವೆ ಅಂತ ದುಡ್ಡು ತಗೊಂಡವರು ತಿದ್ದಲಿಲ್ಲ.

ಹುಡುಗಿ ಇನ್ನೊಂದು ತೋರಿಸಿದಳು. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಶಿಫಾರಸು: ಏಪ್ರಿಲ್ ಚಾಟ್ನಿಯ ಮೊದಲ 40 ದಿನ, ಪ್ಯಾನ್‌ನಲ್ಲಿ (ಬಯಲಲ್ಲಿ ನೀರು ತುಂಬಿಟ್ಟ ಅಳತೆಯ ತೊಟ್ಟಿಯಲ್ಲಿ) ಆವಿಯಾದ ಪ್ರತಿ ಮಿಲಿಮೀಟರಿಗೆ ಹೆಕ್ಟೇರಿಗೆ 4,200 ಲೀಟರ್, 41ರಿಂದ 60ನೇ ದಿನ ಬರೀ 1,400. ದಿನಕ್ಕೆ 8 ಮಿಲಿಮೀಟರ್ ಆವಿಯಾದರೂ ಎಕರೆಗೆ 4,500 ಲೀಟರ್ ಆಯಿತು. ನಾನು ಬಿಡಲು ಒದ್ದಾಡಿದ್ದು 20,600. ನಾಲ್ಕೂವರೆ ಪಟ್ಟು! ಬೋರ್ ನೀರೇ ಹೆಚ್ಚಾಗಿ ಉಳಿಯುತ್ತಿತ್ತು.

ಫೋನ್ ಮಾಡಿದೆ. ಎಲ್ಲಿ ಕ್ಯಾಲಿಬ್ರೇಟ್ ಮಾಡಿದ್ರಿ? “ಸರ್, ಅದು ಕಂಪನಿ ಸೀಕ್ರೆಟ್.” ಪುಸ್ತಕದ ಪುಟ ಕಳಿಸಿದೆ. ಎರಡು ದಿನ ಸುಮ್ಮನಿದ್ದರು. ಆಮೇಲೆ: “ಹವಾಮಾನ ನಿಮ್ಮ ಹೊಲದ್ದೇ ಅಲ್ವಾ ಸರ್, ಅದಕ್ಕೇ ಲೋಕಲ್ ಅಂತೀವಿ.” ಆಮೇಲೆ: “ಸೀಸನ್ ಡೇಟ್ ನೀವೇ ಬದಲಿಸಬೇಕಿತ್ತು.” ಎಲ್ಲಿ ಬದಲಿಸಬೇಕು ತೋರಿಸಿ ಅಂದೆ. “ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತೆ ಸರ್.” ಬರುತ್ತೆ ಸರ್!

ಅಕ್ಟೋಬರ್ ಚಾಟ್ನಿ ಆಯಿತು. ಚಿಗುರು ಭರ್ಜರಿ. ಗೊನೆ ಇರಬೇಕಾದ ಕಡೆ ಎಳೆಬಳ್ಳಿ. ಎಣಿಸಿ ನೋಡಿದೆ, ಹೋದ ವರ್ಷದ ಅರ್ಧಕ್ಕಿಂತ ಕಡಿಮೆ. “ಜೂನ್ ಮೋಡಕ್ಕೆ ಹಾಗಾಗಿರಬಹುದು ಸರ್” ಅಂದರು. ಮೋಡವೂ ಇತ್ತು, ಸುಳ್ಳು ಹೇಳಲ್ಲ. ಆದರೆ ಅದೇ ಮೋಡ ಕಾಕಾನ ಪಡದ ಮೇಲೂ ಇತ್ತು, ಅವರ ಗೊನೆ ಇವೆ. ಕೊನೆಗೆ ಆರು ತಿಂಗಳು ಆ್ಯಪ್ ಪುಕ್ಕಟೆ ಕೊಡುತ್ತೇವೆ ಅಂದರು. ಯಾರಿಗೆ ಬೇಕಿತ್ತು.

ಪೆಟ್ಟಿಗೆ ಕೊಳ್ಳಲೇಬೇಡಿ ಅಂತ ಹೇಳಲ್ಲ, ಮಳೆ ಗಾಳಿ ಅದು ಸರಿಯಾಗಿಯೇ ಅಳೆಯುತ್ತದೆ. ದುಡ್ಡು ಕೊಡುವ ಮೊದಲು ಕೆಸಿ ಅಂಕಿ ಕಾಗದದ ಮೇಲೆ ಬರೆಸಿಕೊಳ್ಳಿ. ಯಾರ ಹೊಲದಲ್ಲಿ, ಎಷ್ಟು ಸೀಸನ್, ಹೇಗೆ ಅಳೆದಿರಿ ಕೇಳಿ. ಗಿಡವನ್ನು ಮಣ್ಣಿನ ಸಮೇತ ತೊಟ್ಟಿಯಲ್ಲಿಟ್ಟು ತೂಗಿದ್ದೋ, ಮಣ್ಣಿನ ತೇವ ದಿನಾ ಅಳೆದಿದ್ದೋ? ನಮ್ಮ ಭಾಗದ ಹವಾಮಾನ ಅಂದರೆ ಅದು ಉತ್ತರ ಅಲ್ಲ. ಚಾಟ್ನಿ ತಾರೀಖು ಕೇಳದ ಆ್ಯಪ್ ಆದರೆ ಅಲ್ಲಿಗೇ ಎದ್ದು ಬನ್ನಿ.

ಈಗಾಗಲೇ ಹಾಕಿಸಿಕೊಂಡವರು ಇದ್ದರೆ ವರದಿ ತೆಗೆದು ನೋಡಿ. 0.30, 0.85, 0.45 ಕಂಡರೆ ನನಗೆ ಹೇಳಿ, ಗ್ರಾಹಕರ ಆಯೋಗಕ್ಕೆ ಹೋಗುವ ವಿಚಾರ ಇದೆ, ನಾಲ್ಕು ಜನ ಇದ್ದರೆ ಒಳ್ಳೆಯದು. ಕಾಕಾಗೆ ಮಾತ್ರ ಇನ್ನೂ ಏನೂ ಹೇಳಿಲ್ಲ.