ಗೋಡೆಗೆ ಉಚ್ಚೆ ಹೊಡೆಯುವ ಬೆಕ್ಕಿಗೆ ಫೆಲಿವೇ ಕ್ಲಾಸಿಕ್ ಡಿಫ್ಯೂಸರ್: ಯಾವಾಗ ಕೊಳ್ಳಬೇಕು, ಹೇಗೆ ಬಳಸಬೇಕು

ಬೆಕ್ಕು ಸೋಫಾದ ಹಿಂಬದಿಗೋ ಕಿಟಕಿಯ ಪರದೆಗೋ ಉಚ್ಚೆ ಹೊಡೆಯಲು ಶುರುಮಾಡಿದಾಗ ಬಹಳಷ್ಟು ಜನ ಮೊದಲು ಹುಡುಕುವುದು ಫೆಲಿವೇ ಕ್ಲಾಸಿಕ್. ಬೆಕ್ಕಿಗೆ ನೆಮ್ಮದಿಯ ಸುಳಿವು ಕೊಡುವ ಆವಿಯನ್ನು ಕೋಣೆಗೆ ಹರಡುವ ಸಾಧನ ಇದು. ಸಾಕೆಟ್‌ಗೆ ಸಿಕ್ಕಿಸುವ ಒಂದು ಪ್ಲಗ್, ಅದಕ್ಕೆ ತಿರುಗಿಸಿ ಕೂರಿಸುವ 48 ಮಿಲಿಲೀಟರ್ ಬಾಟಲಿ, ಇಷ್ಟೇ. ನಮ್ಮ ಅಭಿಪ್ರಾಯ: ಗೋಡೆಗೆ ಚಿಮ್ಮಿಸುವ ಬೆಕ್ಕಿಗೆ ಇದು ಮಾಡಿ ನೋಡಬೇಕಾದ ಖರ್ಚು, ನೆಲದ ಮೇಲೆ ಕೂತು ಉಚ್ಚೆ ಮಾಡುವ ಬೆಕ್ಕಿಗೆ ಮೊದಲು ಬೇಕಾದದ್ದು ಇದಲ್ಲ.

ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಚಿಮ್ಮಿಸುವ ಬೆಕ್ಕು ನಿಂತೇ ಇರುತ್ತದೆ. ಗೋಡೆಗೆ ಬೆನ್ನು ಹಾಕಿ, ಬಾಲ ನೆಟ್ಟಗೆ ಎತ್ತಿ ನಡುಗಿಸುತ್ತಾ, ಹಿಂಗಾಲಲ್ಲಿ ನಿಂತಲ್ಲೇ ತುಳಿಯುತ್ತಾ ಸ್ವಲ್ಪವೇ ಹೊಡೆಯುತ್ತದೆ. ಕಲೆ ನೆಲದಿಂದ ಗೇಣುದ್ದ ಮೇಲೆ ಶುರುವಾಗಿ ಕೆಳಗೆ ಇಳಿದಿರುತ್ತದೆ. ಅದೇ ಬೆಕ್ಕು ಲಿಟರ್ ಬಾಕ್ಸನ್ನೂ ಎಂದಿನಂತೆ ಬಳಸುತ್ತಿರುತ್ತದೆ. ಹಾಸಿಗೆ, ಕಾಲೊರಸು, ಬಟ್ಟೆ ರಾಶಿಯ ಮೇಲೆ ಕೂತು ಅಗಲವಾಗಿ ಒದ್ದೆ ಮಾಡಿದ್ದರೆ ಅದಕ್ಕೆ ಬಾಕ್ಸ್ ಒಗ್ಗುತ್ತಿಲ್ಲ, ಇಲ್ಲವೇ ಕಾಯಿಲೆಯಿದೆ. ಮೂತ್ರಕೋಶದ ಉರಿಯೂತ, ಹರಳು, ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಯಾವುದೂ ಇರಬಹುದು. ಚಿಮ್ಮಿಸುವ ಬೆಕ್ಕಿಗೂ ಒಳಗೊಂದು ನೋವು ಇರಬಹುದಾದ್ದರಿಂದ ಎರಡೂ ಸಂದರ್ಭದಲ್ಲಿ ಮೂತ್ರ ಪರೀಕ್ಷೆ ಮೊದಲು, ಡಿಫ್ಯೂಸರ್ ಆಮೇಲೆ. ಗಂಡುಬೆಕ್ಕು ಪದೇ ಪದೇ ತಿಣುಕಿಯೂ ಉಚ್ಚೆ ಬರುತ್ತಿಲ್ಲವೆಂದರೆ ಮೂತ್ರನಾಳ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು, ಅದು ಜೀವ ತೆಗೆಯುವ ತೊಂದರೆ.

ಬೆಕ್ಕು ತನಗೆ ನೆಮ್ಮದಿಯೆನಿಸಿದ ಜಾಗಕ್ಕೆ ಕೆನ್ನೆ ಉಜ್ಜುತ್ತದೆ. ಆಗ ಅಲ್ಲಿ ಉಳಿಯುವ ಫೆರೊಮೋನ್‌ಗಳಲ್ಲಿ (ಬೆಕ್ಕುಗಳಿಗೆ ಸುಳಿವು ಕೊಡುವ ರಾಸಾಯನಿಕಗಳಲ್ಲಿ) ಎಫ್3 ಎಂಬ ಭಾಗದ ಕೃತಕ ರೂಪ ಈ ಬಾಟಲಿಯಲ್ಲಿದೆ, ಶೇ. 2ರಷ್ಟು, ಉಳಿದದ್ದು ಅದನ್ನು ಆವಿಯಾಗಿಸಲು ಬೇಕಾದ ದ್ರಾವಕ. ಕೆನ್ನೆ ಉಜ್ಜಿದ ಜಾಗಕ್ಕೆ ಬೆಕ್ಕು ಉಚ್ಚೆ ಹೊಡೆಯುವುದು ಕಡಿಮೆ ಎಂಬುದೇ ಇದರ ಹಿಂದಿನ ತರ್ಕ. ನಮ್ಮ ಮೂಗಿಗೆ ಈ ಫೆರೊಮೋನ್ ತಿಳಿಯುವುದಿಲ್ಲ. ಗೋಡೆಯ ಮೂಲೆಗಳಲ್ಲಿ, ಬೆಕ್ಕಿನ ಕೆನ್ನೆಯ ಎತ್ತರಕ್ಕೆ, ಜಿಡ್ಡುಗಟ್ಟಿದ ಕಂದು ಗುರುತು ಕಾಣುತ್ತದಲ್ಲ, ಅದು ಬೆಕ್ಕೇ ಬಿಟ್ಟ ಅಸಲಿ ಮಾಲು. ಕೃತಕದ್ದಕ್ಕೆ ದುಡ್ಡು ಕೊಟ್ಟು ಅಸಲಿಯನ್ನು ತಿಕ್ಕಿ ತೊಳೆಯಬೇಡಿ.

ಹೆಚ್ಚಿನ ತಪ್ಪು ಆಗುವುದು ಸಾಕೆಟ್ ಆರಿಸುವಲ್ಲಿ. ಒಂದು ಡಿಫ್ಯೂಸರ್ 50ರಿಂದ 70 ಚದರ ಮೀಟರ್‌ಗೆ ಸಾಕು ಎನ್ನುತ್ತದೆ ಕಂಪನಿ, ಆದರೆ ಅದು ತೆರೆದ ಜಾಗದ ಲೆಕ್ಕ. ಬಾಗಿಲು ಮುಚ್ಚಿದ ಕೋಣೆಗೆ ಆವಿ ದಾಟುವುದಿಲ್ಲ. ಬೆಕ್ಕು ಹೆಚ್ಚು ಹೊತ್ತು ಕಳೆಯುವ ಅಥವಾ ಉಚ್ಚೆ ಹೊಡೆಯುವ ಕೋಣೆಯಲ್ಲೇ ಹಾಕಿ, ಬಾಟಲಿ ನೆಟ್ಟಗೆ ನಿಲ್ಲುವಂತೆ. ಸೋಫಾದ ಹಿಂದೆ, ಮೇಜಿನ ಕೆಳಗೆ, ಪರದೆಯ ಮರೆಯಲ್ಲಿ ಹಾಕಿದರೆ ಆವಿ ಅಲ್ಲೇ ತಗುಲಿ ಎಣ್ಣೆಕಲೆ ಬೀಳುತ್ತದೆ, ಪ್ಲಗ್ ವಿಪರೀತ ಬಿಸಿಯಾಗುತ್ತದೆ. ಎ.ಸಿ. ಗಾಳಿ ನೇರ ಬಡಿಯುವ ಜಾಗವೂ ಬೇಡ. ಹಗಲು ಆಫ್, ರಾತ್ರಿ ಆನ್ ಎಂಬ ಉಳಿತಾಯ ಇಲ್ಲಿ ಸಲ್ಲ. 24 ಗಂಟೆಯೂ ಉರಿಯಬೇಕು.

ಬಾಟಲಿ ಸುಮಾರು 30 ದಿನ ಬರುತ್ತದೆ, ಅಂದರೆ ದಿನಕ್ಕೆ 1.6 ಮಿಲಿಲೀಟರ್. ಹಾಕಿದ ದಿನವೇ ಬಾಟಲಿಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಒಂದು ವಾರಕ್ಕೆ ಹೆಚ್ಚುಕಡಿಮೆ ಕಾಲುಭಾಗ ಇಳಿದಿರಬೇಕು. ದ್ರವ ಗೆರೆಯಲ್ಲೇ ಇದ್ದರೆ ಪ್ಲಗ್ ಬಿಸಿಯಾಗುತ್ತಿಲ್ಲ, ಅಥವಾ ಬಾಟಲಿ ಪೂರ್ತಿ ತಿರುಗಿ ಕೂತಿಲ್ಲ. ಎಷ್ಟೋ ಮನೆಗಳಲ್ಲಿ ತುಂಬಿದ ಬಾಟಲಿ ತಿಂಗಳುಗಟ್ಟಲೆ ಸುಮ್ಮನೆ ನೇತಾಡುತ್ತಿರುತ್ತದೆ. ಬಾಟಲಿಯನ್ನು ತಿಂಗಳಿಗೊಮ್ಮೆ ಬದಲಿಸಿದರೆ, ಪ್ಲಗ್ಗನ್ನೂ 6 ತಿಂಗಳಿಗೊಮ್ಮೆ ಬದಲಿಸಬೇಕು.

ಹಳೆಯ ಕಲೆ ಹೋಗದಿದ್ದರೆ ಯಾವ ಫೆರೊಮೋನೂ ಉಪಯೋಗಕ್ಕೆ ಬಾರದು. ಬೆಕ್ಕಿನ ಉಚ್ಚೆಗೆಂದೇ ಸಿಗುವ ಎನ್‌ಜೈಮ್ ಕ್ಲೀನರ್ ಒಳ್ಳೆಯದು. ಅದಿಲ್ಲದಿದ್ದರೆ ಎನ್‌ಜೈಮ್ ಇರುವ ಬಟ್ಟೆ ಸೋಪಿನ ಪುಡಿಯ ಶೇ. 10ರ ದ್ರಾವಣದಿಂದ ಒರೆಸಿ, ಬರಿ ನೀರಲ್ಲಿ ಮತ್ತೊಮ್ಮೆ ಒರೆಸಿ, ಒಣಗಿದ ಮೇಲೆ ಸರ್ಜಿಕಲ್ ಸ್ಪಿರಿಟ್ ಹಚ್ಚಿ. ಬಣ್ಣ ಬಿಡುತ್ತದೆಯೇ ಎಂದು ಬಟ್ಟೆಯ ಒಳಮೂಲೆಯಲ್ಲಿ ಮೊದಲೇ ನೋಡಿಕೊಳ್ಳಿ. ಅಮೋನಿಯಾ ಇರುವ ಕ್ಲೀನರ್ ಬೇಡವೇ ಬೇಡ. ಉಚ್ಚೆಯ ವಾಸನೆಯಂತೆಯೇ ಇರುವುದರಿಂದ ಬೆಕ್ಕು ಮತ್ತೆ ಅಲ್ಲಿಗೇ ಬರುತ್ತದೆ.

ಚಿಮ್ಮಿಸಲು ಕಾರಣವಾದದ್ದು ಎದುರಿಗೇ ಇದ್ದರೂ ಡಿಫ್ಯೂಸರ್ ಸೋಲುತ್ತದೆ. ಹೊರಗಿನ ಬೆಕ್ಕೊಂದು ದಿನಾ ಕಿಟಕಿಯಾಚೆ ಕೂರುತ್ತಿದ್ದರೆ ಗಾಜಿನ ಕೆಳಭಾಗಕ್ಕೆ ಮಸುಕು ಹಾಳೆ ಅಂಟಿಸಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರದ ಬೆಕ್ಕಾದರೆ ಮೊದಲು ಅದನ್ನು ಮಾಡಿಸಿ. ಬಹುಪಾಲು ಗಂಡುಬೆಕ್ಕುಗಳಲ್ಲಿ ಈ ಚಾಳಿ ಅದರಿಂದಲೇ ನಿಲ್ಲುತ್ತದೆ ಅಥವಾ ತೀರಾ ಇಳಿಯುತ್ತದೆ. ಲಿಟರ್ ಬಾಕ್ಸ್ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ, ಬೇರೆ ಬೇರೆ ಕಡೆ. ಮೂರು ಬಾಕ್ಸ್ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಜಾಗ. ಹೊಡೆದರೆ, ಗದರಿದರೆ ಬೆಕ್ಕಿನ ಹೆದರಿಕೆ ಹೆಚ್ಚುತ್ತದೆ, ಉಚ್ಚೆಯೂ ಹೆಚ್ಚುತ್ತದೆ.

ಈ ಉತ್ಪನ್ನದ ಬಗ್ಗೆ ನಡೆದ ಅಧ್ಯಯನಗಳ ಫಲಿತಾಂಶ ಒಂದೇ ಥರ ಇಲ್ಲ. ಸಿಗುವುದು ಸಾಮಾನ್ಯವಾಗಿ ಇಳಿಕೆ, ಪೂರ್ತಿ ನಿಲುಗಡೆಯ ಭರವಸೆ ಇಟ್ಟುಕೊಳ್ಳಬೇಡಿ. ಬೆಕ್ಕು ದಿನಕ್ಕೆಷ್ಟು ಸಲ, ಯಾವ ಜಾಗದಲ್ಲಿ ಉಚ್ಚೆ ಹೊಡೆಯಿತು ಎಂದು ಡಿಫ್ಯೂಸರ್ ಹಾಕುವ ಒಂದು ವಾರ ಮುಂಚಿನಿಂದಲೇ ಬರೆದಿಡಿ; ಇಲ್ಲದಿದ್ದರೆ ಇಳಿದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಬೆಕ್ಕುಗಳು ತಮ್ಮತಮ್ಮಲ್ಲೇ ಕಚ್ಚಾಡುವ ಮನೆಗೆ ಇದೇ ಕಂಪನಿಯ ಫ್ರೆಂಡ್ಸ್ ಎಂಬ ಬೇರೆ ಬಾಟಲಿ ಇದೆ, ಅದರಲ್ಲಿರುವುದು ತಾಯಿಬೆಕ್ಕು ಹಾಲೂಡಿಸುವಾಗ ಹೊಮ್ಮಿಸುವ ಫೆರೊಮೋನಿನ ನಕಲು. ನಾಯಿಗೆ ಇವೆರಡೂ ಅಲ್ಲ, ಅಡಾಪ್ಟಿಲ್.

ಮೇಲಿನದೆಲ್ಲ ಸರಿಮಾಡಿ ಪೂರ್ತಿ ಒಂದು ತಿಂಗಳು ನಡೆಸಿದರೂ ನಿಮ್ಮ ಪಟ್ಟಿಯಲ್ಲಿ ಅಂಕಿ ಇಳಿಯದಿದ್ದರೆ ಎರಡನೇ ಬಾಟಲಿ ತರುವ ಬದಲು ಆ ಪಟ್ಟಿಯನ್ನೇ ಪಶುವೈದ್ಯರಿಗೆ ತೋರಿಸಿ. ಚಿಮ್ಮಿಸುವುದಕ್ಕೆ ಫ್ಲುವೊಕ್ಸೆಟಿನ್‌ನಂಥ ಮಾತ್ರೆಗಳಿವೆ. ಅವೂ ಹಿಡಿಯಲು ವಾರಗಳು ಬೇಕು, ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.